ತನಿಖೆ ಮಾಡಿದವರ ಮೇಲೆ ತನಿಖೆ: ನಾನು ಮಾಡುತ್ತಿದ್ದ ರೀತಿ

ಪೊಲೀಸ್ ಇಲಾಖೆಯಲ್ಲಿ ಯಾರೂ ಕೇಳಿ ಪಡೆಯದ ಕೆಲಸ ಒಂದಿದೆ. ನಮ್ಮದೇ ತನಿಖಾಧಿಕಾರಿಯ ಮೇಲೆ ದೂರು ಬಂದಾಗ ಅದನ್ನು ವಿಚಾರಿಸುವ ಕೆಲಸ. ಮಹಜರು (ಪಂಚರ, ಅಂದರೆ ಹೊರಗಿನ ಸಾಕ್ಷಿಗಳ, ಮುಂದೆ ಸ್ಥಳದಲ್ಲೇ ಬರೆಯಬೇಕಾದ ದಾಖಲೆ) ಸುಳ್ಳು, ಸಾಕ್ಷಿಯನ್ನು ಹೆದರಿಸಿದ್ದಾರೆ, ಆರೋಪಿಗೆ ಅನುಕೂಲವಾಗುವ ಕಾಗದ ಬಚ್ಚಿಟ್ಟಿದ್ದಾರೆ, ಇಂಥ ದೂರುಗಳು. ಸರ್ವೀಸಿನ ಕೊನೆಯ ವರ್ಷಗಳಲ್ಲಿ ಈ ಕಡತಗಳೇ ನನ್ನ ಟೇಬಲ್ಲಿಗೆ ಜಾಸ್ತಿ ಬಂದವು. ಕೆಲವು ಪ್ರಾಥಮಿಕ ವಿಚಾರಣೆ, ಅಂದರೆ ದೂರಿನಲ್ಲಿ ಹುರುಳಿದೆಯಾ ಅಂತ ನೋಡುವುದು; ಕೆಲವು ಆರೋಪ ಹೊರಿಸಿ ನಡೆಸುವ ಪೂರ್ತಿ ಇಲಾಖಾ ವಿಚಾರಣೆ. ಈಗ ನಿವೃತ್ತನಾಗಿದ್ದೇನೆ. ಹೊಸದಾಗಿ ವಿಚಾರಣಾಧಿಕಾರಿಗಳಾಗುವವರಿಗೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಇಂಥ ದೂರಿನಲ್ಲಿ ಎರಡು ಪ್ರಶ್ನೆಗಳಿರುತ್ತವೆ. ಈ ಅಧಿಕಾರಿ ತಪ್ಪು ಮಾಡಿದ್ದಾರಾ ಅನ್ನೋದು ಒಂದು. ಮಾಡಿದ್ದರೆ, ಅವರು ಕಟ್ಟಿದ ಕೇಸಿನಲ್ಲಿ ಸಿಕ್ಕಿಕೊಂಡವನ ಗತಿ ಏನು ಅನ್ನೋದು ಇನ್ನೊಂದು. ಇಲಾಖೆ ಸಾಮಾನ್ಯವಾಗಿ ಮೊದಲನೆಯದನ್ನು ಮಾತ್ರ ಕೇಳುತ್ತದೆ. ಒಂದೆರಡು ಇನ್‌ಕ್ರಿಮೆಂಟ್ ತಡೆಹಿಡಿದು ಕಡತ ಮುಚ್ಚುತ್ತದೆ. ಎರಡನೆಯದನ್ನು ಕೇಳದ ವಿಚಾರಣೆ ಅರ್ಧ ವಿಚಾರಣೆ ಅಂತಲೇ ನನ್ನ ನಂಬಿಕೆ.

ಸುಪ್ರೀಂ ಕೋರ್ಟ್ ಈ ವಿಷಯದಲ್ಲಿ ಸುಮ್ಮನೆ ಕೂತಿಲ್ಲ. ಗುಜರಾತಿನ ಕಿಶನ್‌ಭಾಯಿ ಪ್ರಕರಣದಲ್ಲಿ, 2014ರ ಜನವರಿಯಲ್ಲಿ, ಒಂದು ಪುಟ್ಟ ಹುಡುಗಿಯ ಕೊಲೆ ಕೇಸಿನ ಆರೋಪಿಯ ಬಿಡುಗಡೆಯನ್ನು ಕೋರ್ಟ್ ಎತ್ತಿಹಿಡಿಯಬೇಕಾಯಿತು. ತನಿಖೆಯಲ್ಲಿ ಅಷ್ಟು ತೂತುಗಳಿದ್ದವು. ಆಗ ಕೋರ್ಟ್ ಎಲ್ಲ ರಾಜ್ಯಗಳ ಗೃಹ ಇಲಾಖೆಗೆ ಒಂದು ಆದೇಶ ಕೊಟ್ಟಿತು. ಕೇಸು ಬಿದ್ದಾಗಲೆಲ್ಲ ಯಾಕೆ ಬಿತ್ತು ಅಂತ ಪರಿಶೀಲಿಸಬೇಕು, ನಿರ್ಲಕ್ಷ್ಯ ಅಥವಾ ಉದ್ದೇಶಪೂರ್ವಕ ಲೋಪ ಇದ್ದರೆ ತನಿಖಾಧಿಕಾರಿಯ ಮೇಲೆ ಇಲಾಖಾ ಕ್ರಮ ಆಗಬೇಕು, ಇದಕ್ಕೊಂದು ವ್ಯವಸ್ಥೆಯನ್ನು 6 ತಿಂಗಳಲ್ಲಿ ಮಾಡಬೇಕು ಅಂತ. ಒಳ್ಳೆಯ ಆದೇಶ. ಆದರೆ ಇದು ಕೇಸು ಬಿದ್ದ ಮೇಲಿನ ಮಾತು. ಸುಳ್ಳು ಮಹಜರಿನ ಮೇಲೆ ಶಿಕ್ಷೆಯೇ ಆಗಿಬಿಟ್ಟರೆ ಯಾರು ಪರಿಶೀಲಿಸುತ್ತಾರೆ? ಅಲ್ಲಿ ದೂರು ಒಂದೇ ದಾರಿ.

ಆ ದೂರು ಎಲ್ಲಿಗೆ ಹೋಗುತ್ತದೆ ಅನ್ನೋದನ್ನು ನಾನು ಮೊದಲು ನೋಡುತ್ತಿದ್ದೆ. ದೂರುದಾರ ಮೇಲಧಿಕಾರಿಗೆ ಅರ್ಜಿ ಕೊಡುತ್ತಾನೆ. ಅಲ್ಲಿಂದ ಅದು ಕೆಳಗಿಳಿಯುತ್ತಾ ಇಳಿಯುತ್ತಾ 'ವರದಿಗಾಗಿ' ಅಂತ ಅದೇ ಠಾಣೆಗೆ ಬರುತ್ತದೆ. ಅಷ್ಟೊತ್ತಿಗೆ ದೂರುದಾರನ ಹೆಸರು, ಅವನಿಗೆ ಮಾಹಿತಿ ಕೊಟ್ಟವರ ಹೆಸರು ಎಲ್ಲ ಬಯಲು. ನನ್ನ ಕೈಗೆ ಕಡತ ಬಂದರೆ ಅದರ ಹಿಂದಿನ ಟಿಪ್ಪಣಿಗಳನ್ನು ಓದಿ, ಯಾರ್ಯಾರು ನೋಡಿದ್ದಾರೆ ಅಂತ ಬರೆದಿಟ್ಟುಕೊಳ್ಳುತ್ತಿದ್ದೆ. ಸಾಕ್ಷಿಗಳು ಇದ್ದಕ್ಕಿದ್ದಂತೆ ಮಾತು ಬದಲಿಸಿದರೆ ಯಾಕೆ ಅಂತ ಅಲ್ಲೇ ಗೊತ್ತಾಗುತ್ತಿತ್ತು.

ಇನ್ನು ವಿಚಾರಣಾಧಿಕಾರಿ ಯಾರಾಗಬೇಕು? ಆ ಕೇಸಿನ ಚಾರ್ಜ್‌ಶೀಟ್ ನೋಡಿ ಸರಿ ಇದೆ ಅಂದವರು ಆಗಬಾರದು. ಕ್ರೈಂ ಮೀಟಿಂಗ್‌ನಲ್ಲಿ ಆ ಕೇಸಿಗೆ ಶಹಬ್ಬಾಸ್ ಅಂದವರೂ ಆಗಬಾರದು. ಉತ್ತರ ಪ್ರದೇಶದ ಮೊಹಮ್ಮದ್ ನೂಹ್ ಪ್ರಕರಣ 1950ರ ದಶಕದ್ದು. ಒಬ್ಬ ಹೆಡ್ ಕಾನ್‌ಸ್ಟೆಬಲ್ ಮೇಲಿನ ಇಲಾಖಾ ವಿಚಾರಣೆಯಲ್ಲಿ, ವಿಚಾರಣೆ ನಡೆಸುತ್ತಿದ್ದ ಅಧಿಕಾರಿಯೇ ಎದ್ದು ಹೋಗಿ ಸಾಕ್ಷಿ ಹೇಳಿ, ವಾಪಸ್ ಬಂದು ಅದೇ ಕುರ್ಚಿಯಲ್ಲಿ ಕೂತು ತೀರ್ಮಾನ ಬರೆದಿದ್ದರು. ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಇವತ್ತು ಅಷ್ಟು ಎದ್ದು ಕಾಣುವ ಹಾಗೆ ಯಾರೂ ಮಾಡುವುದಿಲ್ಲ. ಆದರೆ ಮೇಲ್ವಿಚಾರಣೆ ಮಾಡಿದ ಅಧಿಕಾರಿಗೇ ಪ್ರಾಥಮಿಕ ವಿಚಾರಣೆ ಕೊಡುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ನನಗೆ ಸಂಬಂಧಪಟ್ಟ ಕೇಸು ಬಂದರೆ ಬರವಣಿಗೆಯಲ್ಲಿ ಬೇಡ ಅನ್ನುತ್ತಿದ್ದೆ. ಬಾಯಿಮಾತಲ್ಲಿ ಹೇಳಿದರೆ ಪ್ರಯೋಜನವಿಲ್ಲ.

ಅಮೆರಿಕದ ನ್ಯಾಯ ಇಲಾಖೆ ಈ ತಲೆನೋವನ್ನು ಹೇಗೆ ನಿಭಾಯಿಸುತ್ತದೆ ಅಂತ ನಾನು ಆಸಕ್ತಿಯಿಂದ ಓದಿಕೊಂಡಿದ್ದೇನೆ. ವಾಟರ್‌ಗೇಟ್ ಹಗರಣದ ನಂತರ, 1975ರಲ್ಲಿ, ಅಲ್ಲಿ ಇಲಾಖೆಯೊಳಗೇ ವೃತ್ತಿ ಹೊಣೆಗಾರಿಕೆ ಕಚೇರಿ ಶುರುವಾಯಿತು. 1989ರಲ್ಲಿ ಇನ್‌ಸ್ಪೆಕ್ಟರ್ ಜನರಲ್ ಕಚೇರಿ ಬಂತು. ನಮ್ಮ ಐಜಿ ಅಲ್ಲ, ಅದು ಇಲಾಖೆಯ ಮೇಲೆಯೇ ಕಣ್ಣಿಡುವ ಹುದ್ದೆ. ಮೊದಲನೆಯದರ ಮುಖ್ಯಸ್ಥರನ್ನು ಅಟಾರ್ನಿ ಜನರಲ್ ನೇಮಿಸುತ್ತಾರೆ. ಎರಡನೆಯವರನ್ನು ಅಧ್ಯಕ್ಷರು ಸೆನೆಟ್ ಒಪ್ಪಿಗೆ ಪಡೆದು ನೇಮಿಸುತ್ತಾರೆ, ಅವರು ಸಂಸತ್ತಿಗೂ ವರದಿ ಕೊಡಬೇಕು. ಆ ಇಲಾಖೆಯ ವಕೀಲರು ವಕೀಲರಾಗಿ ಮಾಡಿದ ತಪ್ಪು ಮೊದಲನೆಯ ಕಚೇರಿಗೆ ಹೋಗುತ್ತದೆ. ಅಲ್ಲಿನ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಸಿಬ್ಬಂದಿಯ ಗಂಭೀರ ತಪ್ಪು ಎರಡನೆಯದಕ್ಕೆ ಹೋಗಬಹುದು. ನನ್ನ ಮಟ್ಟಿಗೆ ಎರಡನೆಯದೇ ಸರಿಯಾದ ದಾರಿ. ಯಾರ ಹೆಸರಿಗೆ ಧಕ್ಕೆ ಬರುತ್ತದೋ ಅವರ ಕೈಕೆಳಗೆ ವಿಚಾರಣಾಧಿಕಾರಿ ಇರಬಾರದು. ನಮ್ಮಲ್ಲೂ 2006ರ ಪ್ರಕಾಶ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಪೊಲೀಸ್ ದೂರು ಪ್ರಾಧಿಕಾರ ಬೇಕು ಅಂದದ್ದು ಇದೇ ಕಾರಣಕ್ಕೆ.

ಈಗ ನಿಜವಾದ ಕೆಲಸಕ್ಕೆ ಬರುತ್ತೇನೆ. ನಾನು ಯಾವತ್ತೂ ಅಧಿಕಾರಿಯನ್ನು ಮೊದಲು ಕರೆಯುತ್ತಿರಲಿಲ್ಲ. ಮೊದಲು ಕಾಗದ. ಎದುರಿಗಿರುವವರು ಸಾಮಾನ್ಯ ಮನುಷ್ಯರಲ್ಲ. ದಾಖಲೆ ಹೇಗೆ ಹುಟ್ಟುತ್ತದೆ, ಯಾವುದನ್ನು ಯಾರು ನೋಡುತ್ತಾರೆ, ಎಲ್ಲಿ ಜಾಗ ಬಿಟ್ಟಿರುತ್ತಾರೆ, ಎಲ್ಲ ಅವರಿಗೆ ಗೊತ್ತು. ನೋಟಿಸ್ ಕೊಟ್ಟ ದಿನವೇ ದಾಖಲೆಗಳು ಸರಿಹೋಗಲು ಶುರುವಾಗುತ್ತವೆ. ಹಾಗಾಗಿ ಹೇಳದೆ ಠಾಣೆಗೆ ಹೋಗಿ ಠಾಣಾ ದಿನಚರಿ, ಕೇಸ್ ಡೈರಿ, ವಶಪಡಿಸಿಕೊಂಡ ವಸ್ತುಗಳನ್ನು ಬರೆಯುವ ಪಿ.ಎಫ್. ರಿಜಿಸ್ಟರ್, ಜೀಪಿನ ಲಾಗ್‌ಬುಕ್, ಸೆಂಟ್ರಿ ಪುಸ್ತಕ ಎಲ್ಲವನ್ನೂ ಒಂದೇ ಸಲಕ್ಕೆ ವಶಕ್ಕೆ ತೆಗೆದುಕೊಳ್ಳುತ್ತಿದ್ದೆ. ಪ್ರತಿ ಪುಟಕ್ಕೂ ಸಹಿ ಹಾಕಿ, ನಕಲು ಮಾಡಿಸಿ, ರಶೀದಿ ಕೊಟ್ಟೇ ಬರುತ್ತಿದ್ದೆ. ಕೇಸ್ ಡೈರಿ ಬೈಂಡ್ ಆಗಿರಬೇಕು, ಪುಟಸಂಖ್ಯೆ ಇರಬೇಕು ಅಂತ 2009ರ ತಿದ್ದುಪಡಿಯಲ್ಲೇ ಕಾನೂನು ಹೇಳಿದೆ. ಬಿಡಿ ಹಾಳೆಗಳ ಡೈರಿ ಸಿಕ್ಕಿದರೆ ಅದೇ ಮೊದಲ ಪ್ರಶ್ನೆ.

ಸಿಸಿಟಿವಿಗೆ ಇನ್ನೂ ಆತುರ ಬೇಕು. ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ, 2020ರ ಡಿಸೆಂಬರ್‌ನಲ್ಲಿ, ಠಾಣೆಯ ದೃಶ್ಯಗಳನ್ನು 18 ತಿಂಗಳು, ಸಾಧ್ಯವಾಗದಿದ್ದರೆ ಕನಿಷ್ಠ 1 ವರ್ಷ ಇಡಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಕಾಗದದ ಮೇಲೆ ಅಷ್ಟು ಇದೆ ಅಂತ ನಂಬಿಕೊಂಡು ಕೂರಬೇಡಿ. ದೂರು ಕೈಗೆ ಬಂದ ದಿನವೇ ಹಾರ್ಡ್ ಡಿಸ್ಕ್ ಭದ್ರ ಮಾಡಿ.

ಕಾಗದ ಏನು ಹೇಳುತ್ತದೆ ಅನ್ನೋದಕ್ಕೆ ಒಂದು ಕೇಸು ಹೇಳುತ್ತೇನೆ. ಮನೆಗಳ್ಳತನದ ಆರೋಪಿ ತನ್ನ ಹಳ್ಳಿಯ ಮನೆಯ ಹಿತ್ತಲಿಂದ ಚಿನ್ನದ ಸರ ತೆಗೆದುಕೊಟ್ಟ ಅಂತ ಮಹಜರು. ಬೆಳಗ್ಗೆ 11ರಿಂದ ಮಧ್ಯಾಹ್ನದವರೆಗೆ. ಇಬ್ಬರು ಪಂಚರ ಸಹಿ ಇದೆ. ಠಾಣಾ ದಿನಚರಿಯಲ್ಲಿ ಸಬ್ ಇನ್‌ಸ್ಪೆಕ್ಟರ್ ಸಿಬ್ಬಂದಿ ಜೊತೆ ಜೀಪಿನಲ್ಲಿ ಹೊರಟಿದ್ದು, ಬಂದಿದ್ದು ಎಲ್ಲ ಒಪ್ಪವಾಗಿ ಬರೆದಿದೆ. ಓದಿದರೆ ಎಲ್ಲೂ ತಪ್ಪಿಲ್ಲ. ಆಮೇಲೆ ಲಾಗ್‌ಬುಕ್ ತೆಗೆದೆ. ಆ ದಿನ ಜೀಪಿನ ಕಿಲೋಮೀಟರ್ ಬೆಳಗ್ಗೆ ಎಷ್ಟಿತ್ತೋ ಸಂಜೆಯೂ ಅಷ್ಟೇ. ಜೀಪು ಠಾಣೆ ಬಿಟ್ಟು ಕದಲಿಲ್ಲ. ಕಡತದ ಹಿಂಬದಿಯಲ್ಲಿ ಅಕ್ಕಸಾಲಿಗ ಕೊಟ್ಟ ತೂಕದ ಚೀಟಿ ಪಿನ್ ಮಾಡಿತ್ತು. ಅದರ ಮೇಲಿನ ತಾರೀಖು ಮಹಜರಿನ ಹಿಂದಿನ ದಿನದ್ದು. ಅಂದರೆ ಮಣ್ಣಿನಿಂದ ತೆಗೆಯುವ ಮೊದಲೇ ಸರವನ್ನು ತೂಗಿಯಾಗಿತ್ತು.

ಠಾಣೆಯ ಬರವಣಿಗೆ ನೋಡಿಕೊಳ್ಳುವ ಸ್ಟೇಷನ್ ರೈಟರ್‌ರನ್ನು ಕರೆದು ಕೂರಿಸಿದೆ. ಮಹಜರು ಅವರದೇ ಅಕ್ಷರ. ಹೆಚ್ಚು ಕೇಳಬೇಕಾಗಲಿಲ್ಲ. "ಬರೆದಿದ್ದು ನಾನೇ ಸಾರ್. ಠಾಣೆಯಲ್ಲೇ ಕೂತು ಬರೆದೆ. ಸಾಹೇಬ್ರು ಹೇಳ್ತಾ ಹೋದ್ರು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಕಳ್ಳ ಮಾತ್ರ ಅವನೇ ಸಾರ್, ಅದ್ರಲ್ಲಿ ಅನುಮಾನ ಇಲ್ಲ" ಅಂದರು.

ಈ ಕೊನೆಯ ಮಾತನ್ನು ನಾನು ಬಹಳ ಸಲ ಕೇಳಿದ್ದೇನೆ. ಅದು ನಿಜವೂ ಇರಬಹುದು. ಬಹುತೇಕ ತನಿಖಾಧಿಕಾರಿಗಳು ದುಡ್ಡಿಗಾಗಿ ಸುಳ್ಳು ಮಹಜರು ಬರೆಯುವುದಿಲ್ಲ. ಕಳ್ಳ ಸಿಕ್ಕಿದ್ದಾನೆ, ಮಾಲು ಸಿಕ್ಕಿದೆ, ಸಿಕ್ಕಿದ ರೀತಿ ಕೋರ್ಟಿಗೆ ಹಿಡಿಸುವುದಿಲ್ಲ, ಅದಕ್ಕೆ ಕಾಗದವನ್ನು ಸರಿ ಮಾಡುತ್ತಾರೆ. ಮೇಲಿನಿಂದ ರಿಕವರಿ ಎಲ್ಲಿ ಅಂತ ಒತ್ತಡವೂ ಇರುತ್ತದೆ. ಆದರೆ ಇಂಥ ಕೇಸುಗಳಲ್ಲಿ ಆರೋಪಿ ತೋರಿಸಿಕೊಟ್ಟ ಮಾಲು ಬಿಟ್ಟರೆ ಬೇರೆ ಸಾಕ್ಷ್ಯವೇ ಇರುವುದಿಲ್ಲ. ಪೊಲೀಸರ ಮುಂದೆ ಆರೋಪಿ ಆಡಿದ ಮಾತಲ್ಲಿ ಕೋರ್ಟ್ ಒಪ್ಪುವುದು, ಅದರಿಂದ ವಸ್ತು ಸಿಕ್ಕಿದರೆ ಆ ಭಾಗವನ್ನು ಮಾತ್ರ. ಆ ಒಂದು ಎಳೆಯೇ ಸುಳ್ಳಾದರೆ, ಕಳ್ಳ ಅವನೇ ಅಂತ ಹೇಳಲು ಉಳಿಯುವುದು ಸಬ್ ಇನ್‌ಸ್ಪೆಕ್ಟರ್ ಮನಸ್ಸಿನ ನಂಬಿಕೆ ಮಾತ್ರ. ನಂಬಿಕೆಯ ಮೇಲೆ ಯಾರನ್ನೂ ಜೈಲಿಗೆ ಕಳಿಸುವ ಹಾಗಿಲ್ಲ.

ಈಗ ಸಿಆರ್‌ಪಿಸಿ ಬದಲಿಗೆ ಹೊಸ ಕ್ರಿಮಿನಲ್ ಪ್ರಕ್ರಿಯಾ ಕಾನೂನು ಬಿಎನ್‌ಎಸ್‌ಎಸ್ ಬಂದ ಮೇಲೆ, 2024ರ ಜುಲೈ 1ರಿಂದ, ಜಪ್ತಿ ಮತ್ತು ಶೋಧವನ್ನು ವಿಡಿಯೋ ಮಾಡಲೇಬೇಕು. ಇದು ಪ್ರಾಮಾಣಿಕ ಅಧಿಕಾರಿಗೆ ದೊಡ್ಡ ರಕ್ಷಣೆ. ವಿಚಾರಣಾಧಿಕಾರಿಗೂ ಕೆಲಸ ಹಗುರ.

ಕಾಗದ ಮುಗಿದ ಮೇಲೆ ಜನ. ಕೆಳಗಿನವರಿಂದ ಶುರು: ಡ್ರೈವರ್, ರೈಟರ್, ಪಂಚರು, ಆಮೇಲೆ ಸಬ್ ಇನ್‌ಸ್ಪೆಕ್ಟರ್. ಒಬ್ಬೊಬ್ಬರನ್ನೇ, ಬೇರೆ ಬೇರೆ, ಆ ಠಾಣೆಯ ಹೊರಗೆ. ಪ್ರಾಥಮಿಕ ವಿಚಾರಣೆಯ ಹೇಳಿಕೆಗಳನ್ನು ಹಾಗೇ ಇಲಾಖಾ ವಿಚಾರಣೆಗೆ ಎತ್ತಿ ಹಾಕುವ ಹಾಗಿಲ್ಲ. ಸಾಕ್ಷಿ ಮತ್ತೆ ಬಂದು ಹೇಳಬೇಕು, ಆಪಾದಿತ ನೌಕರನಿಗೆ ಪಾಟೀಸವಾಲು ಮಾಡಲು ಬಿಡಬೇಕು. ಸಂವಿಧಾನದ 311ನೇ ವಿಧಿ ಸುಮ್ನೆ ಇಟ್ಟಿದ್ದಲ್ಲ. ಆರೋಪ ತಿಳಿಸದೆ, ಹೇಳಿಕೊಳ್ಳಲು ಅವಕಾಶ ಕೊಡದೆ ಕೆಲಸದಿಂದ ತೆಗೆದರೆ ನ್ಯಾಯಮಂಡಳಿಯಲ್ಲಿ ಒಂದೇ ದಿನಕ್ಕೆ ಬಿದ್ದುಹೋಗುತ್ತದೆ.

ಇದನ್ನು ನಾನು ಒತ್ತಿ ಹೇಳಲು ಕಾರಣವಿದೆ. ಅಮೆರಿಕದ ಸೆನೆಟರ್ ಟೆಡ್ ಸ್ಟೀವನ್ಸ್ ಅವರಿಗೆ 2008ರಲ್ಲಿ ತಪ್ಪಿತಸ್ಥರು ಅಂತ ತೀರ್ಪಾಯಿತು. ಕೆಲವೇ ದಿನಗಳಲ್ಲಿ ಚುನಾವಣೆಯನ್ನೂ ಸೋತರು. ಆಮೇಲೆ, ಅವರಿಗೆ ಅನುಕೂಲವಾಗುವ ಸಾಕ್ಷ್ಯವನ್ನು ಸರ್ಕಾರಿ ವಕೀಲರು ಕೊಟ್ಟಿರಲಿಲ್ಲ ಅಂತ ಗೊತ್ತಾಗಿ 2009ರಲ್ಲಿ ತೀರ್ಪು ರದ್ದಾಯಿತು. ನ್ಯಾಯಾಧೀಶ ಎಮೆಟ್ ಸಲ್ಲಿವನ್ ಅವರು ನ್ಯಾಯ ಇಲಾಖೆಯ ಒಳವಿಚಾರಣೆಯನ್ನೇ ನೆಚ್ಚಿಕೊಳ್ಳದೆ ಹೊರಗಿನ ವಕೀಲರೊಬ್ಬರನ್ನು ತನಿಖೆಗೆ ನೇಮಿಸಿದರು. ಇಲಾಖೆ ಕೊನೆಗೆ ಇಬ್ಬರು ವಕೀಲರಿಗೆ 40 ದಿನ ಮತ್ತು 15 ದಿನದ ಅಮಾನತು ಕೊಟ್ಟಿತು. ಅದೂ ನಿಲ್ಲಲಿಲ್ಲ. ಯಾರು ತೀರ್ಮಾನಿಸಬೇಕು ಅನ್ನುವ ತನ್ನದೇ ನಿಯಮವನ್ನು ಇಲಾಖೆ ಪಾಲಿಸಿರಲಿಲ್ಲ ಅಂತ ಮೇಲ್ಮನವಿಯಲ್ಲಿ ಆ ಶಿಕ್ಷೆ ರದ್ದಾಯಿತು. ಅಷ್ಟೆಲ್ಲ ಶ್ರಮ ನೀರಿನಲ್ಲಿ ಹೋಮ. ಆಪಾದಿತ ಅಧಿಕಾರಿಗೆ ನ್ಯಾಯವಾಗಿ ಸಿಗಬೇಕಾದ್ದನ್ನು ಕೊಡದೆ ಅವಸರ ಮಾಡಿದರೆ ಲಾಭ ತಪ್ಪಿತಸ್ಥನಿಗೇ.

ಸುಳ್ಳು ದೂರುಗಳೂ ಬರುತ್ತವೆ. ಕೋರ್ಟಿನಲ್ಲಿ ತಮ್ಮ ಕೇಸಿನ ವಿಚಾರಣೆ ಶುರುವಾಗುವ ಮುಂಚೆ ತನಿಖಾಧಿಕಾರಿಯನ್ನು ಹೆದರಿಸಲು ಆರೋಪಿಗಳು ದೂರು ಕೊಡುತ್ತಾರೆ. ಅಂಥದ್ದನ್ನೂ ನಾನು ಇದೇ ಕ್ರಮದಲ್ಲಿ ನೋಡುತ್ತಿದ್ದೆ. ಕಾಗದ ಅಧಿಕಾರಿಯ ಪರ ಇದ್ದರೆ ಬೇಗ ಮುಗಿಸಿ, ದೋಷವಿಲ್ಲ ಅಂತ ಬರವಣಿಗೆಯಲ್ಲಿ ಕೊಡಬೇಕು. ವರ್ಷಗಟ್ಟಲೆ ನೇತಾಡಿಸಿದರೆ ಒಳ್ಳೆಯವರ ಬಡ್ತಿ ಹೋಗುತ್ತದೆ, ಮನೆಯ ನೆಮ್ಮದಿ ಹೋಗುತ್ತದೆ. ಅಮಾನತು ಮಾಡಿ 3 ತಿಂಗಳೊಳಗೆ ದೋಷಾರೋಪಣಾ ಪಟ್ಟಿ ಕೊಡದಿದ್ದರೆ ಅಮಾನತು ಮುಂದುವರಿಸಬಾರದು ಅಂತ 2015ರ ಅಜಯ್ ಕುಮಾರ್ ಚೌಧರಿ ತೀರ್ಪಿನಲ್ಲಿದೆ.

ತಪ್ಪು ಅಪರಾಧದ ಮಟ್ಟಕ್ಕೆ ಹೋಗಿದ್ದರೆ ಎಫ್‌ಐಆರ್ ಬೇರೆ, ಇಲಾಖಾ ವಿಚಾರಣೆ ಬೇರೆ. ಎರಡೂ ಒಟ್ಟಿಗೆ ನಡೆಯಬಹುದಾ? ನಮ್ಮ ಕೋಲಾರದ ಚಿನ್ನದ ಗಣಿಯಿಂದಲೇ ಬಂದ ಭಾರತ್ ಗೋಲ್ಡ್ ಮೈನ್ಸ್ ಪ್ರಕರಣದಲ್ಲಿ, 1999ರಲ್ಲಿ, ಸುಪ್ರೀಂ ಕೋರ್ಟ್ ನಡೆಯಬಹುದು ಅಂದಿದೆ. ಆರೋಪ ಗಂಭೀರವಾಗಿದ್ದು, ಕಾನೂನಿನ ತೊಡಕು ಇದ್ದಾಗ ಮಾತ್ರ ಇಲಾಖಾ ವಿಚಾರಣೆಯನ್ನು ತಡೆಯುವುದು ಒಳ್ಳೆಯದು, ಕ್ರಿಮಿನಲ್ ಕೇಸು ಎಳೆದಾಡಿದರೆ ಮತ್ತೆ ಶುರು ಮಾಡಬಹುದು. ಕೋರ್ಟಿನಲ್ಲಿ ಇತ್ಯರ್ಥ ಆಗಲಿ ಅಂತ ಕಡತವನ್ನು ಕಪಾಟಿನಲ್ಲಿಡುವವರು ಇದನ್ನು ಓದಬೇಕು.

ಇನ್ನು ಆ ಎರಡನೇ ಪ್ರಶ್ನೆ. ಜೀಪಿನ ಕೇಸಿನಲ್ಲಿ ನನ್ನ ವರದಿ ಮೇಲಕ್ಕೆ ಹೋಗುವ ಮೊದಲೇ ಸರ್ಕಾರಿ ಅಭಿಯೋಜಕರಿಗೆ ತಿಳಿಸಬೇಕು ಅಂತ ಟಿಪ್ಪಣಿ ಇಟ್ಟೆ. ಶಿಸ್ತಿನ ಕಡತ ಗೋಪ್ಯ, ಕೋರ್ಟಿಗೆ ಯಾಕೆ ಅಂತ ಆಕ್ಷೇಪ ಬಂತು. ಕಡತ ಗೋಪ್ಯವಾಗಿರಲಿ, ಲಾಗ್‌ಬುಕ್ ಮತ್ತು ತೂಕದ ಚೀಟಿ ಗೋಪ್ಯವಲ್ಲ, ಅವು ಆ ಕೇಸಿನ ಸಾಕ್ಷ್ಯ ಅಂತ ಬರೆದೆ. ಮೇಲಧಿಕಾರಿಗಳು ಒಪ್ಪಿದರು. ಮುಂದಿನ ತನಿಖೆ ಬೇರೆ ಅಧಿಕಾರಿಗೆ ಹೋಯಿತು, ಹೆಚ್ಚುವರಿ ವರದಿ ಕೋರ್ಟಿಗೆ ಬಂತು.

ಅಷ್ಟಕ್ಕೇ ಬಿಡಲಿಲ್ಲ. ಅದೇ ಇಬ್ಬರು ಪಂಚರು ಆ ಅಧಿಕಾರಿಯ ಬೇರೆ ಯಾವ ಕೇಸುಗಳಲ್ಲಿ ಸಹಿ ಹಾಕಿದ್ದಾರೆ ಅಂತ ಹುಡುಕಿಸಿದೆ. ಇದ್ದವು. ಅಮೆರಿಕದ ಇನ್‌ಸ್ಪೆಕ್ಟರ್ ಜನರಲ್ ಕಚೇರಿಯೂ ಇದನ್ನೇ ಮಾಡಿತ್ತು. 2016ರ ಚುನಾವಣೆಗೆ ಸಂಬಂಧಿಸಿದ ಎಫ್‌ಬಿಐ ತನಿಖೆಯಲ್ಲಿ ಕಣ್ಗಾವಲಿಗೆ ಅನುಮತಿ ಕೇಳಿ ಕೋರ್ಟಿಗೆ ಕೊಟ್ಟ ಅರ್ಜಿಗಳಲ್ಲಿ 17 ಗಂಭೀರ ತಪ್ಪು ಮತ್ತು ಲೋಪಗಳಿವೆ ಅಂತ 2019ರ ಡಿಸೆಂಬರ್‌ನಲ್ಲಿ ವರದಿ ಕೊಟ್ಟರು. ಆಮೇಲೆ ಬೇರೆ ಕೇಸುಗಳ 29 ಅರ್ಜಿಗಳನ್ನೂ ಆರಿಸಿ ನೋಡಿದರು. 4ಕ್ಕೆ ಪೂರಕ ಕಡತವೇ ಸಿಗಲಿಲ್ಲ, ಪರಿಶೀಲಿಸಿದ ಉಳಿದ 25ರಲ್ಲೂ ಏನಾದರೊಂದು ತಾಳೆಯಾಗದ ಸಂಗತಿ ಇತ್ತು. ಒಬ್ಬರ ತಪ್ಪು ಅಂತ ಶುರುವಾದದ್ದು ಪದ್ಧತಿಯ ತಪ್ಪು ಅಂತ ಗೊತ್ತಾಗುವುದು ಹೀಗೆ.

ನನ್ನ ವರದಿಗಳ ಕೊನೆಯಲ್ಲಿ ಯಾವಾಗಲೂ ಎರಡು ಪ್ಯಾರಾ ಇರುತ್ತಿದ್ದವು. ಒಂದರಲ್ಲಿ ಮರುಪರಿಶೀಲನೆ ಆಗಬೇಕಾದ ಕೇಸುಗಳ ಕ್ರೈಂ ನಂಬರುಗಳು. ಇನ್ನೊಂದರಲ್ಲಿ ಆ ಕಾಗದಗಳನ್ನು ಮೇಲೆ ಯಾರು ಯಾವಾಗ ನೋಡಿ ಸಹಿ ಹಾಕಿದ್ದರು ಅನ್ನುವ ವಿವರ, ಸರ್ಕಲ್ ಇನ್‌ಸ್ಪೆಕ್ಟರ್‌ನಿಂದ ಡಿವೈಎಸ್‌ಪಿವರೆಗೆ. ದೂರುದಾರನಿಗೂ ಫಲಿತಾಂಶವನ್ನು ಕನ್ನಡದಲ್ಲಿ, ಒಂದು ಪುಟದಲ್ಲಿ, ಅಂಚೆಯಲ್ಲಿ ಕಳಿಸಬೇಕು ಅಂತ ಶಿಫಾರಸು ಮಾಡುತ್ತಿದ್ದೆ. 'ಸೂಕ್ತ ಕ್ರಮ ಕೈಗೊಳ್ಳಲಾಗಿದೆ' ಅಂತಷ್ಟೇ ಬರೆದರೆ ಅವನಿಗೆ ಏನೂ ತಿಳಿಯುವುದಿಲ್ಲ. ಯಾವ ಆರೋಪ ಸಾಬೀತಾಯಿತು, ಯಾವುದು ಆಗಲಿಲ್ಲ, ಅವನ ಕೇಸು ಈಗ ಯಾರ ಹತ್ತಿರ ಇದೆ, ಈ ಮೂರನ್ನು ಹೆಸರು ಮತ್ತು ಫೋನ್ ನಂಬರ್ ಸಮೇತ ಬರೆಯಬೇಕು.