ಪಲ್ಪರ್ ಗ್ಯಾಪ್ ಗೊತ್ತಿದ್ದವರಿಗೆ ಕೃತಕ ಹೃದಯದ ಸಿಮ್ಯುಲೇಶನ್

ಹೃದಯದ ಪಂಪ್‌ನೊಳಗೆ ರಕ್ತ ಹೇಗೆ ಹರಿಯುತ್ತೆ ಅಂತ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕೋದು ಹೇಗೆ? ಸೋಮವಾರಪೇಟೆ ಕಡೆ ಕಾಫಿ ಬೆಳೆಯೋರಿಗೆ ಇದನ್ನು ವಿವರಿಸೋದು ಸುಲಭ. ಹಣ್ಣಿನ ಸಿಪ್ಪೆ ಸುಲಿಯೋ ಪಲ್ಪರ್ ಯಂತ್ರದ ಗ್ಯಾಪ್ ಬಿಗಿಯಾದರೆ ಬೀಜ ಕತ್ತರಿಸಿ ಹೋಗುತ್ತೆ, ಸಡಿಲವಾದರೆ ಹಣ್ಣು ಹಣ್ಣಾಗೇ ಆಚೆ ಬೀಳುತ್ತೆ. ಹೃದಯದ ಪಂಪ್‌ನಲ್ಲೂ ತಲೆನೋವು ಅದೇ. ಇಂಪೆಲ್ಲರ್‌ಗೂ (ರಕ್ತ ತಳ್ಳೋ ತಿರುಗುವ ಚಕ್ರ) ಅದರ ಹೊರಕವಚ ಕೇಸಿಂಗ್‌ಗೂ ನಡುವಿನ ಸಂದು ತೀರಾ ಕಿರಿದಾದರೆ ಕೆಂಪು ರಕ್ತಕಣ ಒಡೆಯುತ್ತೆ, ಅಗಲವಾದರೆ ರಕ್ತ ಹಿಂದಕ್ಕೆ ಸೋರುತ್ತೆ, ಮೂಲೆಯಲ್ಲಿ ನಿಂತರೆ ಹೆಪ್ಪುಗಟ್ಟುತ್ತೆ.

ನಾಸಾದವರು ಬಾಹ್ಯಾಕಾಶ ಶಟಲ್ ಎಂಜಿನ್‌ನ ಇಂಧನ ಪಂಪ್‌ಗೆ ಮಾಡುತ್ತಿದ್ದ ಲೆಕ್ಕಾಚಾರವನ್ನೇ ಡಿಬೇಕಿ ಅನ್ನೋ ರಕ್ತದ ಪಂಪ್‌ಗೂ ಹಚ್ಚಿ, ಇಂಪೆಲ್ಲರ್ ಮುಂದೆ ರಕ್ತವನ್ನು ಒಳಕ್ಕೆ ಎಳೆದುಕೊಡೋ ಒಂದು ಇಂಡ್ಯೂಸರ್ ಸೇರಿಸಿದರು. 1998ರಲ್ಲಿ ಅದು ಮೊದಲ ರೋಗಿಯ ಎದೆ ಸೇರಿತು. (ಅದು ಪೂರ್ತಿ ಹೃದಯವಲ್ಲ, ಹೃದಯಕ್ಕೆ ಹೆಗಲು ಕೊಡೋ ಪಂಪ್.)

ಹರಿವಿನ ಲೆಕ್ಕ ಹಾಕೋ ಓಪನ್‌ಫೋಮ್, ಫಲಿತಾಂಶವನ್ನು ಚಿತ್ರವಾಗಿ ತೋರಿಸೋ ಪ್ಯಾರಾವ್ಯೂ, ಎರಡೂ ತಂತ್ರಾಂಶ ಪುಕ್ಕಟೆ. ಹಾಕಿಕೊಂಡ ತಕ್ಷಣ ಪಂಪ್‌ಗೆ ಕೈ ಹಾಕಬೇಡಿ. ಔಷಧ, ವೈದ್ಯಕೀಯ ಉಪಕರಣಗಳ ಮೇಲೆ ನಿಗಾ ಇಡೋ ಅಮೆರಿಕದ ಎಫ್‌ಡಿಎ, ಲೆಕ್ಕ ಸರಿಯೇ ಅಂತ ಪರೀಕ್ಷಿಸೋಕೆಂದೇ ಒಂದು ನಾಜಲ್‌ನ ಮಾದರಿ ಕೊಟ್ಟಿದೆ: 12 ಮಿ.ಮೀ. ಕೊಳವೆ, ನಡುವೆ 4 ಮಿ.ಮೀ.ನ 40 ಮಿ.ಮೀ. ಉದ್ದದ ಕತ್ತು. ಪ್ರಯೋಗಾಲಯದ ಅಳತೆಗಳೂ ಬಹಿರಂಗವಾಗಿವೆ. ದ್ರವದ ಸಾಂದ್ರತೆ 1056, ಸ್ನಿಗ್ಧತೆ 0.0035, ಸ್ನಿಗ್ಧತೆಯನ್ನು ಸಾಂದ್ರತೆಯಿಂದ ಭಾಗಿಸಿ ಬಂದ 3.3 ಮೈಕ್ರೊವನ್ನು (ಹತ್ತು ಲಕ್ಷದಲ್ಲಿ 3.3 ಪಾಲು) ಓಪನ್‌ಫೋಮ್‌ನ ಎನ್‌ಯು ಜಾಗದಲ್ಲಿ ಬರೆಯಿರಿ. ಹರಿವು ನಯವೋ ಗಲಿಬಿಲಿಯೋ ಅಂತ ಹೇಳೋ ರೆನಾಲ್ಡ್ಸ್ ಸಂಖ್ಯೆಯನ್ನು ಕತ್ತಿನಲ್ಲಿ 500ರಿಂದ ಶುರು ಮಾಡಿ. ಕತ್ತಿನಲ್ಲಿ ಸರಾಸರಿ ವೇಗ ಸೆಕೆಂಡಿಗೆ 0.41 ಮೀಟರ್ ಬರಬೇಕು. 2000ಕ್ಕೆ ಹೋದಾಗ ಧಾರೆ ಎಲ್ಲಿ ಒಡೆಯುತ್ತೆ ಅನ್ನೋದು ಕೈ ಕೊಡುತ್ತೆ. 28 ತಂಡಗಳು ಇದನ್ನು ಮಾಡಿದಾಗ ಉತ್ತರಗಳು ದಿಕ್ಕಾಪಾಲಾಗಿದ್ದವು, ಬೇಜಾರಾಗಬೇಡಿ.

ಆಮೇಲೆ ಪಂಪ್. ನಿಮಿಷಕ್ಕೆ 5 ಲೀಟರ್, 100 ಮಿ.ಮೀ. ಪಾದರಸದ ಒತ್ತಡ. ಅಪ್ಪ ಕೇಳಿದರು, "ಎಷ್ಟಡಿ ಎತ್ತುತ್ತೋ?" ನೀರಿನ ಲೆಕ್ಕದಲ್ಲಿ 4.5 ಅಡಿ ಅಂದೆ. ಹೂಮಳೆ ಕೈ ಕೊಟ್ಟ ವರ್ಷ ಕೆರೆಯಿಂದ ಗುಡ್ಡದ ತುದಿಗೆ ನೀರು ಹಾರಿಸೋ ಮನುಷ್ಯ, ನಕ್ಕು ಎದ್ದು ಹೋದರು. ಆ 100, ಓಪನ್‌ಫೋಮ್‌ನ ಸಿಂಪಲ್‌ಫೋಮ್ ಅನ್ನೋ ಲೆಕ್ಕಗಾರನಲ್ಲಿ 12.6 ಅಂತ ಕಾಣುತ್ತೆ, ಅದು ಒತ್ತಡವನ್ನು ಸಾಂದ್ರತೆಯಿಂದ ಭಾಗಿಸಿಯೇ ತೋರಿಸೋದು. ಇದು ತಿಳಿಯದೆ ನಾನೊಂದು ಸಂಜೆ ಪೂರ್ತಿ ಪಂಪ್ ಕೆಟ್ಟಿದೆ ಅಂತ ಕೂತಿದ್ದೆ.

ಇನ್ನು ಮೆಶ್, ಅಂದರೆ ಲೆಕ್ಕಕ್ಕಾಗಿ ಜಾಗವನ್ನು ಸಣ್ಣ ಸಣ್ಣ ಸೆಲ್‌ಗಳಾಗಿ ಹೋಳು ಮಾಡೋ ಬಲೆ. ಮೊದಲ ಸಲ ಸಂದಿನಲ್ಲಿ ಎರಡೇ ಎರಡು ಸೆಲ್ ಇಟ್ಟಿದ್ದೆ. ಶಿಯರ್ (ರಕ್ತದ ಪದರಗಳ ಉಜ್ಜಾಟ) ಕಡಿಮೆ ಬಂತು, ಖುಷಿಪಟ್ಟೆ. ನಾಲ್ಕು ಮಾಡಿದೆ, ಏರಿತು. ಎಂಟು ಮಾಡಿದೆ, ಮತ್ತೂ ಏರಿತು. ಗೋಡೆ ಪಕ್ಕದ ವೇಗದ ಇಳಿಜಾರೇ ಶಿಯರ್. ಸೆಲ್ ದಪ್ಪವಾದರೆ ಇಳಿಜಾರು ಸವೆದುಹೋಗುತ್ತೆ. ಅಂಕಿ ಅಲುಗಾಡೋದು ನಿಲ್ಲೋವರೆಗೆ ಸಣ್ಣದು ಮಾಡ್ತಾ ಹೋಗಿ.

ಜುಲೈಯಲ್ಲಿ ಕೂತರೆ ಇನ್ನೊಂದು ಮಾತು. ಮರ ಬಿದ್ದು ಕರೆಂಟ್ ಹೋಗಿ ನನ್ನ ಹನ್ನೊಂದು ಗಂಟೆ ರನ್ ಮಣ್ಣುಪಾಲಾಯಿತು. ಓಪನ್‌ಫೋಮ್‌ನ ಕಂಟ್ರೋಲ್‌ಡಿಕ್ಟ್ ಕಡತದಲ್ಲಿ ರೈಟ್‌ಇಂಟರ್ವಲ್ 50, ಸ್ಟಾರ್ಟ್‌ಫ್ರಮ್ ಲೇಟೆಸ್ಟ್‌ಟೈಮ್ ಇಟ್ಟರೆ ಕೊನೆಯ ಸಲ ಉಳಿಸಿದ ಕಡೆಯಿಂದ ಮುಂದುವರಿಯುತ್ತೆ.

ಫಲಿತಾಂಶ ಬಂದ ಮೇಲೆ ವೇಗದ ಬಣ್ಣದ ಚಿತ್ರಕ್ಕೆ ಮರುಳಾಗದೆ, ಇಂಪೆಲ್ಲರ್ ತಿರುಗಿಸಿ ಬೆನ್ನು ನೋಡಿ. ನನ್ನದರ ಬೆನ್ನಲ್ಲಿ ಶಾಫ್ಟ್ ಸುತ್ತ ನೀಲಿ ಉಂಗುರ: ಶಿಯರ್ ತೀರಾ ಕಮ್ಮಿ, ರಕ್ತ ಕದಲುತ್ತಲೇ ಇಲ್ಲ. ಹಿಂದಿನ ಸಂದನ್ನು 0.1ರಿಂದ 0.2 ಮಿ.ಮೀ. ಮಾಡಿದೆ, ಉಂಗುರ ತೆಳುವಾಯಿತು, ಜೊತೆಗೆ ಒತ್ತಡವೂ ಇಳಿಯಿತು. ಈಗ ಆರ್‌ಪಿಎಂ ಏರಿಸಿ ಮತ್ತೆ ಓಡಿಸಿದ್ದೇನೆ, ಬೆಳಗಾಗೋವರೆಗೆ ಕರೆಂಟ್ ಇದ್ದರೆ ಗೊತ್ತಾಗುತ್ತೆ.