ಪತಂಗದ ಮೀಸೆಯಲ್ಲಿ ವಾಸನೆಯ ಜೀನ್ ಹುಡುಕಿದ್ದು

ಗಂಡು ರೇಷ್ಮೆ ಪತಂಗ ಸುಮ್ನೆ ಕೂತಿರುತ್ತದೆ. ಹೆಣ್ಣಿರುವ ಡಬ್ಬಿಯ ಮುಚ್ಚಳ ತೆಗೆದರೆ ಸಾಕು, ಪಟಪಟ ರೆಕ್ಕೆ ಬಡಿಯುತ್ತಾ ಸುತ್ತುಹಾಕುತ್ತದೆ. ಹೆಣ್ಣು ಬಿಡುವ ಬಾಂಬಿಕಾಲ್ ಅನ್ನುವ ವಾಸನೆಯ ಕೆಲಸ ಇದು. 1959ರಲ್ಲಿ ಅಡಾಲ್ಫ್ ಬ್ಯುಟೆನಾಂಟ್ ತಂಡ ಇದನ್ನು ಗುರುತಿಸಲು ಸುಮಾರು 5 ಲಕ್ಷ ಹೆಣ್ಣು ಪತಂಗಗಳು ಬೇಕಾದವು. ಅದನ್ನು ಹಿಡಿಯುವ ಜೀನ್‌ಗಳು ಮೀಸೆಯಲ್ಲಿ ಕೆಲಸ ಮಾಡುವುದನ್ನು ನಾನೇ ನೋಡಬೇಕು ಅಂತ ಆಸೆ ಇತ್ತು.

ಪ್ಯೂಪಾ ಹಂತದಲ್ಲೇ ಗಂಡು, ಹೆಣ್ಣು ಬೇರೆ ಮಾಡಿದೆ. ಪತಂಗ ಹೊರಬಂದ ಮೇಲೆ ಮೀಸೆಯನ್ನು ಬುಡದಲ್ಲಿ ಕತ್ತರಿಸಿ ನೇರ ದ್ರವ ಸಾರಜನಕಕ್ಕೆ ಹಾಕಿದೆ. ಅರೆಯುವುದೇ ಕಷ್ಟ. ಮೀಸೆ ಗಡಸು, ಬಾಚಣಿಗೆಯಂತೆ ಕವಲು ಕವಲು. ಮೊದಲ ಸಲ ನಿಧಾನ ಮಾಡಿದೆ, ಅದು ಕರಗಿತು, ಜೀನ್ ಕೆಲಸ ಮಾಡುವಾಗ ಹುಟ್ಟುವ ಅದರ ನಕಲು, ಅಂದರೆ ನನಗೆ ಬೇಕಿದ್ದ ಆರ್‌ಎನ್‌ಎ, ಚೂರುಚೂರಾಯಿತು. ಆಮೇಲೆ ಕುಟ್ಟಾಣಿಯನ್ನೂ ಸಾರಜನಕ ಸುರಿದು ತಣ್ಣಗೆ ಮಾಡಿಕೊಂಡೆ. ಪುಡಿ ಹಿಟ್ಟಿನಷ್ಟು ನಯವಾಗುವವರೆಗೆ ಬಿಡಲಿಲ್ಲ.

ಆರ್‌ಎನ್‌ಎಯನ್ನು ಡಿಎನ್‌ಎಗೆ ಬದಲಿಸಿ, ಬೇಕಾದ ತುಣುಕನ್ನು ಪಿಸಿಆರ್ ಅನ್ನುವ ವಿಧಾನದಲ್ಲಿ ಲಕ್ಷಾಂತರ ಪಟ್ಟು ನಕಲು ಮಾಡಬೇಕು. ಅದಕ್ಕೆ ಮೂರು ಜೀನ್ ಆರಿಸಿಕೊಂಡೆ. ಬಾಂಬಿಕಾಲ್ ಎಣ್ಣೆಯಂಥದ್ದು, ಮೀಸೆಯ ಕೂದಲೊಳಗಿನ ನೀರಿನಂಥ ದ್ರವದಲ್ಲಿ ಕರಗುವುದಿಲ್ಲ. ಅದನ್ನು ಹೊತ್ತು ನರಕೋಶದ ತನಕ ಒಯ್ಯುವುದು ಪಿಬಿಪಿ ಅನ್ನುವ ಪುಟ್ಟ ಪ್ರೋಟೀನ್. ಅಲ್ಲಿ ಹಿಡಿದುಕೊಳ್ಳುವುದು ಒಆರ್1 ಅನ್ನುವ ಗ್ರಾಹಕ. ಅದರ ಜೊತೆಗಾರ ಓರ್ಕೋ. ಓರ್ಕೋ ಇಲ್ಲದೆ ಗ್ರಾಹಕ ಕೆಲಸ ಮಾಡುವುದಿಲ್ಲ.

ನಕಲುಗಳನ್ನು ಗಾತ್ರದ ಪ್ರಕಾರ ಬೇರೆ ಮಾಡಿ ಗೆರೆಗಳಾಗಿ (ಬ್ಯಾಂಡ್) ತೋರಿಸುವ ಜೆಲ್ ನೋಡಿ ಗಾಬರಿಯಾಯಿತು. ಹೋಲಿಕೆಗೆ ಇಟ್ಟಿದ್ದ ಕಾಲಿನ ಸಾಲಿನಲ್ಲೂ ಒಆರ್1 ಬ್ಯಾಂಡ್! ಕಾಲಿನಲ್ಲಿ ಅದಕ್ಕೇನು ಕೆಲಸ? ದಿಟ್ಟಿಸಿ ನೋಡಿದೆ. ಆ ಬ್ಯಾಂಡ್ ಸ್ವಲ್ಪ ಮೇಲೆ, ಅಂದರೆ ಗಾತ್ರ ದೊಡ್ಡದು. ನಕಲು ಎಲ್ಲಿಂದ ಎಲ್ಲಿಯವರೆಗೆ ಅಂತ ಗುರುತಿಸುವ ಚಿಕ್ಕ ಡಿಎನ್‌ಎ ತುಣುಕುಗಳಾದ ನನ್ನ ಪ್ರೈಮರ್‌ಗಳ ನಡುವೆ ಒಂದು ಇಂಟ್ರಾನ್ ಇತ್ತು, ಅಂದರೆ ಡಿಎನ್‌ಎಯಲ್ಲಿದ್ದು ಆರ್‌ಎನ್‌ಎಯಿಂದ ಕತ್ತರಿಸಿಹೋಗುವ ಭಾಗ. ಹಾಗಾಗಿ ಅದು ಆರ್‌ಎನ್‌ಎಯಿಂದ ಬಂದದ್ದಲ್ಲ, ಉಳಿದುಹೋದ ಡಿಎನ್‌ಎ. ಪ್ರೈಮರ್ ಹೀಗೆ ಇಡದಿದ್ದರೆ ತಪ್ಪು ಫಲಿತಾಂಶವನ್ನೇ ನಂಬಿಬಿಡುತ್ತಿದ್ದೆ. ಡಿಎನ್‌ಎಯನ್ನು ಕತ್ತರಿಸುವ ಡಿಎನ್‌ಏಸ್ ಕಿಣ್ವ ಹಾಕಿ ಮತ್ತೆ ಮಾಡಿದೆ. ಆರ್‌ಎನ್‌ಎಯನ್ನು ಡಿಎನ್‌ಎಗೆ ಬದಲಿಸುವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಹಾಕದ ಒಂದು ಟ್ಯೂಬನ್ನೂ ಇಟ್ಟೆ; ಅದರಲ್ಲಿ ಬ್ಯಾಂಡ್ ಬಂದರೆ ಹಳೆಯ ಡಿಎನ್‌ಎ ಉಳಿದಿದೆ ಅಂತ ಅರ್ಥ. ಈಗ ಅದಿಲ್ಲದೆ ನಾನು ಪಿಸಿಆರ್‌ಗೆ ಕೂರುವುದೇ ಇಲ್ಲ.

ಎರಡನೇ ಜೆಲ್‌ನಲ್ಲಿ ಕಾಲಿನ ಸಾಲು ಖಾಲಿ. ಓರ್ಕೋ ಗಂಡು, ಹೆಣ್ಣು ಎರಡರ ಮೀಸೆಯಲ್ಲೂ ಇತ್ತು. ಅದು ಸರಿಯೇ, ಹೆಣ್ಣಿಗೂ ಬೇರೆ ವಾಸನೆಗಳು ಬೇಕಲ್ವಾ? ಪಿಬಿಪಿ ಗಂಡಿನಲ್ಲಿ ಢಾಳಾಗಿತ್ತು. ಆದರೆ ಬ್ಯಾಂಡ್ ದಪ್ಪ ನೋಡಿ ಪ್ರಮಾಣ ಹೇಳಬಾರದು, ಅದಕ್ಕೆ ಪ್ರಮಾಣ ಅಳೆಯುವ ಪಿಸಿಆರ್, ಅಂದರೆ ಕ್ಯೂಪಿಸಿಆರ್ ಮಾಡಲೇಬೇಕು. ಒಆರ್1 ಗಂಡಿನ ಮೀಸೆಯ ಸಾಲಿನಲ್ಲಿ ಮಾತ್ರ ಹೊಳೆಯುತ್ತಿತ್ತು. ಡಬ್ಬಿಯ ಮುಚ್ಚಳ ತೆಗೆದಾಗ ಅಷ್ಟು ಕುಣಿದ ಗಂಡಿನ ಪಕ್ಕದಲ್ಲೇ ಹೆಣ್ಣು ಯಾಕೆ ಅಲುಗದೆ ಕೂತಿತ್ತು ಅಂತ ಆಗ ಅರ್ಥವಾಯಿತು. ತಾನು ಬಿಡುವ ಬಾಂಬಿಕಾಲ್ ಅದಕ್ಕೆ ಗೊತ್ತೇ ಆಗುವುದಿಲ್ಲ.