ಎಸ್ಸೆಸ್ಸೆಲ್ಸಿ ನಂತರದ ಲೆಕ್ಕ

ನಾನು ಪೀಣ್ಯದ ಬಳಿಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ‘ಮುಂದೆ ಏನಾಗುತ್ತೀಯ?’ ಎಂದು ಮಕ್ಕಳನ್ನು ಕೇಳುವುದಿಲ್ಲ. ಕೇಳಿದರೆ ಡಾಕ್ಟರ್, ಪೊಲೀಸ್, ಐಎಎಸ್ ಎಂಬ ಉತ್ತರ ಸಿದ್ಧವಾಗಿರುತ್ತದೆ. ಮಾತು ಅಲ್ಲಿಗೇ ನಿಲ್ಲುತ್ತದೆ. ಬದಲಿಗೆ, ಫಲಿತಾಂಶ ಬಂದ ಮೇಲೆ ಎಲ್ಲಿಗೆ ಅರ್ಜಿ ಹಾಕುತ್ತೀಯ, ಶುಲ್ಕವೆಷ್ಟು, ಯಾವ ಬಸ್ಸು, ಮನೆಯಲ್ಲಿ ಯಾರು ಒಪ್ಪಬೇಕು ಎಂದು ಕೇಳುತ್ತೇನೆ. ಉತ್ತರಗಳನ್ನು ಮಕ್ಕಳು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ಒಂಬತ್ತನೇ ತರಗತಿಯಲ್ಲೇ ಈ ಕೆಲಸ ಶುರುವಾಗುತ್ತದೆ.

ಬಹಳಷ್ಟು ಮನೆಗಳಿಗೆ ಪಿಯುಸಿ ಒಂದೇ ದಾರಿ ಗೊತ್ತು. ಮೂರು ವರ್ಷದ ಡಿಪ್ಲೊಮಾ ಮುಗಿಸಿ ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದರೆ ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೇ ಸೇರಬಹುದು ಎಂದರೆ ಪಾಲಕರು ನಂಬುವುದೇ ಕಷ್ಟ. ಇನ್ನು ಐಟಿಐ ಎಂದರೆ ದಡ್ಡರ ಪಾಲಿನದು ಎಂಬ ತಾತ್ಸಾರ ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ನಮ್ಮ ಸುತ್ತಲಿನ ಶೆಡ್ಡುಗಳು ನಡೆಯುವುದೇ ಅಂಥ ಕೈಗಳಿಂದ. ಹಾಗಾಗಿ ಮಕ್ಕಳನ್ನು ರಾಜಾಜಿನಗರ ಕೈಗಾರಿಕಾ ಪ್ರದೇಶದ ಜಿಟಿಟಿಸಿಗೆ, ಅಂದರೆ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರಕ್ಕೆ ಕರೆದೊಯ್ಯುತ್ತೇನೆ. ಕಾರ್ಖಾನೆಗೆ ಬೇಕಾದ ಉಪಕರಣ, ಅಚ್ಚು ತಯಾರಿಸುವುದನ್ನು ಕಲಿಸುವ ಅಲ್ಲಿನ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಮೂರು ವರ್ಷ ಓದು, ನಾಲ್ಕನೆಯ ವರ್ಷ ಕಾರ್ಖಾನೆಯಲ್ಲಿ ತರಬೇತಿ. ಹೆಣ್ಣುಮಕ್ಕಳು ಗುಂಪಿನ ಹಿಂದೆ ಸರಿಯುತ್ತಾರೆ. ನಾನೇ ಅವರನ್ನು ಯಂತ್ರದ ಪಕ್ಕಕ್ಕೆ ಕರೆಯುತ್ತೇನೆ. ಶಾಲೆಗೆ ಮರಳಿದ ಮೇಲೆ ಸೂಕ್ಷ್ಮ ಅಳತೆಯ ಸಾಧನವಾದ ಮೈಕ್ರೊಮೀಟರ್ ಕೊಟ್ಟು ತಮ್ಮದೇ ತಲೆಗೂದಲಿನ ದಪ್ಪ ಅಳೆಯಲು ಹೇಳುತ್ತೇನೆ. ಮಿಲಿಮೀಟರಿನ ನೂರನೇ ಒಂದು ಭಾಗ ಎಂದರೇನೆಂದು ಆಗ ಬೆರಳಿಗೇ ತಿಳಿಯುತ್ತದೆ. ದಶಮಾಂಶವನ್ನು ಅಷ್ಟು ಚೆನ್ನಾಗಿ ನಾನು ಹಲಗೆಯ ಮೇಲೆ ಎಂದೂ ಕಲಿಸಲಾರೆ.

ಹಣದ ಪಾಠಕ್ಕೆ ಸರಳ ಬಡ್ಡಿಯೇ ಸಾಕು. ಪಠ್ಯದ ಲೆಕ್ಕಗಳಲ್ಲಿ ಬಡ್ಡಿಯ ದರ ವರ್ಷದ್ದು. ನಮ್ಮ ಬಡಾವಣೆಯ ಕೈಸಾಲ ‘ನೂರಕ್ಕೆ ಐದು’, ಅದೂ ತಿಂಗಳಿಗೆ. ₹10,000 ಎಂದು ಬರೆದು ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸುತ್ತೇನೆ: ತಿಂಗಳಿಗೆ 500, ವರ್ಷಕ್ಕೆ 6,000, ಅಂದರೆ ಶೇ 60. ಅಷ್ಟು ಕಟ್ಟಿದ ಮೇಲೂ ಅಸಲು ಇದ್ದ ಹಾಗೇ ಇರುತ್ತದೆ. ‘ಅಕ್ಕನ ಮದುವೆಯ ಸಾಲ ಯಾಕೆ ತೀರುತ್ತಿಲ್ಲ ಎಂದು ಈಗ ಗೊತ್ತಾಯಿತು ಮೇಡಂ’ ಎಂದಳು ಒಬ್ಬಳು. ಯಾರ ಮನೆಯ ಸಾಲವನ್ನೂ ನಾನಾಗಿ ಕೆದಕುವುದಿಲ್ಲ; ಅದು ಅವರ ಮರ್ಯಾದೆಯ ಪ್ರಶ್ನೆ. ಹತ್ತು ವರ್ಷ ದಾಟಿದ ಮಕ್ಕಳು ಅಂಚೆ ಕಚೇರಿಯಲ್ಲಿ ತಮ್ಮ ಹೆಸರಿನಲ್ಲೇ ಖಾತೆ ತೆರೆದು ತಾವೇ ನಡೆಸಬಹುದು, ತಿಂಗಳಿಗೆ ₹100ರಿಂದಲೂ ಆರ್‌ಡಿ (ತಿಂಗಳ ಕಂತಿನ ಠೇವಣಿ) ಕಟ್ಟಬಹುದು ಎಂಬುದನ್ನು ಮಾತ್ರ ತಪ್ಪದೇ ಹೇಳುತ್ತೇನೆ. ಎಂಟನೇ ತರಗತಿಯವರಿಗೆ ಎನ್‌ಎಂಎಂಎಸ್ ಎಂಬ ವಿದ್ಯಾರ್ಥಿವೇತನದ ಪರೀಕ್ಷೆ ಕಟ್ಟಿಸುತ್ತೇನೆ. ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿವರೆಗೆ ವರ್ಷಕ್ಕೆ ₹12,000 ಸಿಗುತ್ತದೆ. ಮನೆಗೆಲಸ ಮಾಡುವ ತಾಯಿಗೆ ಅದು ಮಗಳನ್ನು ಓದಿಸುವ ಧೈರ್ಯ.

ಆರೋಗ್ಯವೂ ಇದೇ ನೋಟ್‌ಬುಕ್ಕಿನಲ್ಲಿ ಬರುತ್ತದೆ. ತಿಂಡಿ ತಿನ್ನದೆ ಬಂದ ಹುಡುಗಿ ಮೊದಲ ಪಿರಿಯಡ್‌ನಲ್ಲೇ ತಲೆ ಹಿಡಿದು ಕುಳಿತರೆ ಯಾವ ಯೋಜನೆಯಿಂದ ಏನು ಪ್ರಯೋಜನ? ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆ ಹಲವರ ಚೀಲದಲ್ಲೇ ಉಳಿಯುತ್ತದೆ. ಹೊಟ್ಟೆ ತೊಳೆಸುತ್ತದೆ, ಮಲ ಕಪ್ಪಾಗುತ್ತದೆ ಎಂಬ ಭಯ. ಕಪ್ಪಾಗುವುದು ಸಹಜವೆಂದು ಮೊದಲೇ ಬಿಡಿಸಿ ಹೇಳಿ, ಬಿಸಿಯೂಟದ ನಂತರ ನನ್ನೆದುರೇ ನುಂಗಿಸುತ್ತೇನೆ. ಊಟದ ಜೊತೆ ಟೀ ಬೇಡ, ನಿಂಬೆಹಣ್ಣೋ ನೆಲ್ಲಿಕಾಯಿಯೋ ಇರಲಿ ಎಂದೂ ಹೇಳುತ್ತೇನೆ. ಟೀ ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಬಂದ, ಅಂದರೆ ರಕ್ತಹೀನತೆ ಇರುವ ಹುಡುಗಿಯರ ತಾಯಂದಿರೊಡನೆ ಬೇರೆಯಾಗಿಯೇ ಮಾತನಾಡುತ್ತೇನೆ.

ಕೊನೆಯದು ಕಾಗದಪತ್ರ. ಇದು ಬೇಸರದ ಕೆಲಸ, ಆದರೆ ಮಕ್ಕಳು ಎಡವುವುದು ಇಲ್ಲೇ. ಶಾಲಾ ದಾಖಲೆಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ವಿದ್ಯಾರ್ಥಿವೇತನ ಖಾತೆಗೆ ಬರುವುದಿಲ್ಲ. ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರವೂ ಬೇಕು. ಇದನ್ನೆಲ್ಲ ಮೇ ತಿಂಗಳಿಗೆ ಬಿಟ್ಟರೆ ಗಾರ್ಮೆಂಟ್ಸ್‌ಗೆ ಹೋಗುವ ತಾಯಿ ದಿನದ ಸಂಬಳ ಕಳೆದುಕೊಂಡು ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಆದ್ದರಿಂದ ಒಂಬತ್ತನೇ ತರಗತಿಯ ದಸರಾ ರಜೆಯೊಳಗೆ ಇದು ಮುಗಿಯಬೇಕೆಂದು ಹಟ ಹಿಡಿಯುತ್ತೇನೆ. ಅದಕ್ಕಾಗಿ ಕರೆಯುವ ಪಾಲಕರ ಸಭೆಯನ್ನು ಭಾನುವಾರವೇ ಇಡುತ್ತೇನೆ.